ದಾರಿ ಇಲ್ಲದ ಜಾಗವನ್ನು ಕನ್ನಡದಲ್ಲಿ ಬರೆಯುವುದು ಹೇಗೆ?

ಚಾರಣಕ್ಕೆ ಹೋಗಿ ಬಂದವರ ಬರಹಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: "ದಟ್ಟವಾದ ಕಾಡು, ದಾರಿಯೇ ಇರಲಿಲ್ಲ, ತುಂಬಾ ಕಷ್ಟಪಟ್ಟು ನಡೆದೆವು." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದಿದವರ ಕಣ್ಣ ಮುಂದೆ ಏನೂ ಬರುವುದಿಲ್ಲ. ಅಡ್ಡ ಬಂದದ್ದು ಮುಳ್ಳಿನ ಮೆಳೆಯೋ, ಬಿದ್ದ ಮರವೋ, ಕಾಲು ಹೂತುಹೋಗುವ ಕೆಸರೋ? ದಾರಿ ಎಂದೂ ಇರಲೇ ಇಲ್ಲವೋ, ಇದ್ದದ್ದು ಮುಚ್ಚಿಹೋಯಿತೋ? ಆ ಸಾಲು ಒಂದನ್ನೂ ಹೇಳುವುದಿಲ್ಲ.

"ಕನ್ನಡದಲ್ಲಿ ಇಂಥದ್ದಕ್ಕೆ ಪದಗಳೇ ಇಲ್ಲ" ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ನನಗೆ ನಿಜಕ್ಕೂ ಬೇಸರವಾಗುತ್ತದೆ. ಬೆಟ್ಟ, ಕಾಡು, ಬಯಲು, ಕಡಲು ಎಲ್ಲದರ ಪಕ್ಕದಲ್ಲೂ ಬಾಳಿದ ಜನರ ಮಾತು ಇದು. ಪದಗಳು ರಾಶಿ ಇವೆ. ಯಾವುದನ್ನು ಎಲ್ಲಿ ಬಳಸಬೇಕು ಎನ್ನುವ ಅಭ್ಯಾಸ ಮಾತ್ರ ತಪ್ಪಿದೆ. ಪ್ರವಾಸ ಕಥನ, ಕಥೆ, ಅನುವಾದ, ಕಾಡಿನ ಟಿಪ್ಪಣಿ, ನೀವು ಏನು ಬರೆಯುತ್ತಿದ್ದರೂ ಮುಂದಿನ ಹೆಜ್ಜೆಗಳನ್ನು ಒಂದೊಂದಾಗಿ ಮಾಡಿ ನೋಡಿ.

ಮೊದಲ ಹೆಜ್ಜೆ: ದಾರಿ ಯಾಕಿಲ್ಲ ಎಂದು ಕೇಳಿಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಹೆಜ್ಜೆ ನೆನಪಿಟ್ಟುಕೊಳ್ಳುತ್ತೀರಿ ಎಂದಾದರೆ ಇದನ್ನೇ ಇಟ್ಟುಕೊಳ್ಳಿ. "ದಾರಿಯಿಲ್ಲ" ಎನ್ನುವುದು ಬರೀ ಇಲ್ಲದ್ದರ ಸುದ್ದಿ. ಯಾಕಿಲ್ಲ ಎಂದು ಹೇಳಿದ ಕೂಡಲೇ ಜಾಗ ಕಾಣತೊಡಗುತ್ತದೆ. ಈ ಕೆಲಸಕ್ಕೆ ಕನ್ನಡದ ಕ್ರಿಯಾಪದಗಳು ಎಷ್ಟು ಚೆನ್ನಾಗಿ ಒದಗುತ್ತವೆ ನೋಡಿ.

ಕನ್ನಡದಲ್ಲಿ ದಾರಿಯನ್ನು ನಾವು ಮಾಡುವುದಷ್ಟೇ ಅಲ್ಲ, ದಾರಿ ತಾನಾಗಿ "ಬೀಳುತ್ತದೆ". ಹತ್ತಾರು ಕಾಲುಗಳು ಒಂದೇ ಕಡೆ ನಡೆದು ನಡೆದು ಹುಲ್ಲು ಸವೆದರೆ ಅಲ್ಲಿ ದಾರಿ ಬಿತ್ತು ಎನ್ನುತ್ತೇವೆ. ಹಾಗಾಗಿ ಯಾರೂ ನಡೆದಾಡದ ಜಾಗಕ್ಕೆ "ದಾರಿ ಬೀಳದ ಕಾಡು" ಎನ್ನಬಹುದು. ಹಿಂದೆ ಜನ ಓಡಾಡುತ್ತಿದ್ದು ಈಗ ಬಿಟ್ಟಿದ್ದಾರೆ ಎಂದರೆ "ದಾರಿ ಮಾಸಿದೆ" ಅಥವಾ "ದಾರಿ ಮುಚ್ಚಿಕೊಂಡಿದೆ". ಇವೆರಡೂ ಒಂದೇ ಅಲ್ಲ. ಮಾಸಿದ ದಾರಿ ಕಷ್ಟಪಟ್ಟು ನೋಡಿದರೆ ಇನ್ನೂ ಕಾಣುತ್ತದೆ. ಮುಚ್ಚಿಕೊಂಡ ದಾರಿಯ ಮೇಲೆ ಗಿಡ ಎದ್ದಿರುತ್ತದೆ. ಮಳೆಗೆ ಗುಡ್ಡ ಕುಸಿದಿದ್ದರೆ "ದಾರಿ ಕಡಿದಿದೆ". ಹೊಳೆ ಉಕ್ಕಿ ಬಂದಿದ್ದರೆ "ಕೊಚ್ಚಿಹೋಗಿದೆ".

ಮರಳಿನಲ್ಲಿ, ಹಿಮದಲ್ಲಿ ಮಾತು ಬೇರೆ. ಅಲ್ಲಿ ಎಷ್ಟೇ ಜನ ನಡೆದರೂ ದಾರಿ "ನಿಲ್ಲುವುದಿಲ್ಲ". ಗಾಳಿ ಹೆಜ್ಜೆಗುರುತನ್ನು ಅಳಿಸಿಬಿಡುತ್ತದೆ. ಹುಲ್ಲಿನ ಬೆಟ್ಟದಲ್ಲೋ ಹಾಸುಬಂಡೆಯ ಮೇಲೋ ದಾರಿಯೇ ಬೇಕಾಗುವುದಿಲ್ಲ, ಎಲ್ಲಿ ಕಾಲಿಟ್ಟರೂ ನಡೆಯಬಹುದು. ಇಂಥ ಜಾಗವನ್ನು "ದಾರಿಯಿಲ್ಲದ ಬೆಟ್ಟ" ಎಂದು ಬರೆದರೆ ಓದುವವರು ಮುಳ್ಳುಗಂಟಿಯನ್ನು ನೆನೆಯುತ್ತಾರೆ. ಪೂರ್ತಿ ಉಲ್ಟಾ ಚಿತ್ರ ಅಲ್ವಾ?

ಇನ್ನೊಂದು ಬಗೆ ನನಗೆ ತುಂಬಾ ಇಷ್ಟ. ದಾರಿ ಇದೆ, ಆದರೆ ಅದು ನಮ್ಮದಲ್ಲ. ಆನೆಗಳು ವರ್ಷಗಟ್ಟಲೆ ಒಂದೇ ಕಡೆ ಓಡಾಡಿ ಅಗಲವಾದ ದಾರಿ ಬಿದ್ದಿರುತ್ತದೆ. ಅವು ಆದಷ್ಟು ಕಡಿದಾದ ಏರನ್ನು ತಪ್ಪಿಸಿ ಸಾಗುವುದರಿಂದ ಆನೆದಾರಿಯಲ್ಲಿ ಮನುಷ್ಯರೂ ಸಲೀಸಾಗಿ ನಡೆಯಬಹುದು. ಕಾಡುಹಂದಿಗಳದ್ದು ಮೆಳೆಯೊಳಗೆ ಗಿಡ್ಡನೆಯ ಸುರಂಗ. ಅದಕ್ಕೆ "ನುಸುಳುಗಂಡಿ" ಎಂಬ ಚಂದದ ಪದವಿದೆ. ಕಂಡಿ ಎಂದರೆ ಸಂದು, ತೆರಪು. ನುಸುಳಿ ಹೋಗುವಷ್ಟೇ ಜಾಗ. ಕಾನೂನಿನ ಲೋಪಗಳ ಬಗ್ಗೆ ಬರೆಯುವಾಗ ಪತ್ರಿಕೆಗಳು ಈ ಪದವನ್ನು ಬಳಸಿ ಬಳಸಿ, ಅದರ ಮೂಲ ಅರ್ಥವೇ ನಮಗೆ ಮರೆತುಹೋಗಿದೆ. ಅದನ್ನು ಮತ್ತೆ ಕಾಡಿಗೆ ಕರೆತನ್ನಿ. ಒಂದೆರಡು ಪ್ರಾಣಿ ಮಾತ್ರ ಹಾದುಹೋದ ಗುರುತಿದ್ದರೆ ಅದು ದಾರಿಯಲ್ಲ, "ಜಾಡು".

ಹಳೆಗನ್ನಡದಲ್ಲಿ ದಾರಿಗೆ "ಬಟ್ಟೆ" ಎಂಬ ಪದವಿತ್ತು. ದೊಡ್ಡ ದಾರಿ ಹೆಬ್ಬಟ್ಟೆ. ಇಂದು ಈ ಪದ ಬಳಸಿದರೆ ಉಡುವ ಬಟ್ಟೆ ಎಂದೇ ಓದುಗರು ತಿಳಿಯುತ್ತಾರೆ, ಹಾಗಾಗಿ ಗದ್ಯದಲ್ಲಿ ಬೇಡ. ಹಳೆಯ ಕಾಲದ ಕಥೆ ಬರೆಯುವವರಿಗೆ ಮಾತ್ರ ಒದಗೀತು.

ಎರಡನೆಯ ಹೆಜ್ಜೆ: ಕಾಡಿಗೆ ಸರಿಯಾದ ಹೆಸರು ಹುಡುಕಿ

ಕಾಡು, ಅಡವಿ, ಅರಣ್ಯ, ವನ ಇವೆಲ್ಲ ಒಂದೇ ಎಂದು ಶಾಲೆಯಲ್ಲಿ ಸಮಾನಾರ್ಥಕ ಪದಗಳ ಪಟ್ಟಿಯಲ್ಲಿ ಕಲಿತಿದ್ದೇವೆ. ಬರೆಯುವಾಗ ಆ ಪಟ್ಟಿಯನ್ನು ಮರೆಯಬೇಕು.

"ಅರಣ್ಯ" ಈಗ ಹೆಚ್ಚಾಗಿ ಇಲಾಖೆಯ ಪದ. ಅರಣ್ಯ ಕಾಯ್ದೆ, ಮೀಸಲು ಅರಣ್ಯ, ಅರಣ್ಯ ಭೂಮಿ. ಅದನ್ನು ಓದಿದಾಗ ನಕ್ಷೆ, ಗಡಿಕಲ್ಲು ಕಾಣುತ್ತವೆ, ಮರ ಕಾಣುವುದಿಲ್ಲ. "ವನ"ದಲ್ಲಿ ಒಂದು ಅಚ್ಚುಕಟ್ಟುತನವಿದೆ. ಉದ್ಯಾನವನ, ಹೂವಿನ ವನ ಎನ್ನುತ್ತೇವಲ್ಲ. ಕಾಲಿಡಲಾಗದ ಜಾಗಕ್ಕೆ ಅದು ಹೊಂದುವುದಿಲ್ಲ. "ಅಡವಿ" ಸಂಸ್ಕೃತದ ಅಟವಿಯಿಂದ ಬಂದರೂ ಪೂರ್ತಿ ನಮ್ಮದೇ ಆಗಿದೆ. ಅದರಲ್ಲಿ ಊರಿನಿಂದ ದೂರ, ಒಂಟಿತನ ಎಂಬ ಭಾವ ಜಾಸ್ತಿ. "ಅಡವಿಪಾಲಾದ" ಎಂದರೆ ಊರು ಬಿಟ್ಟು ದಿಕ್ಕಿಲ್ಲದೆ ಹೋದ ಎಂದೇ ಅರ್ಥ.

"ಕಾಡು" ಎಲ್ಲಕ್ಕಿಂತ ದೊಡ್ಡ ಪದ. ಎಷ್ಟು ದೊಡ್ಡದೆಂದರೆ ಅದಕ್ಕೆ ಮರಗಳೇ ಬೇಕಾಗಿಲ್ಲ. ಮರಳುಗಾಡು, ಬೆಂಗಾಡು, ಸುಡುಗಾಡು ಈ ಪದಗಳನ್ನು ಬಿಡಿಸಿ ನೋಡಿ. ಮೂರರಲ್ಲೂ ಇರುವುದು ಕಾಡೇ. ಇಲ್ಲಿ ಕಾಡು ಎಂದರೆ ಮರಗಳ ಗುಂಪಲ್ಲ. ಊರಲ್ಲದ್ದು, ಉಳದ್ದು, ಮನೆ ಕಟ್ಟದ್ದು. ನಾಡು ಒಂದು ಕಡೆ, ಕಾಡು ಇನ್ನೊಂದು ಕಡೆ.

ಅನುವಾದಕರಿಗೆ ಈ ವಿಷಯ ತುಂಬಾ ನೆರವಾಗುತ್ತದೆ. ಇಂಗ್ಲಿಷಿನ "ವಿಲ್ಡರ್ನೆಸ್" ಪದಕ್ಕೆ ಕನ್ನಡದಲ್ಲಿ ಏನು ಬರೆಯುವುದು ಎಂದು ತಲೆಕೆಡಿಸಿಕೊಳ್ಳುವವರನ್ನು ನೋಡಿದ್ದೇನೆ. ಅಮೆರಿಕದಲ್ಲಿ 1964ರಲ್ಲಿ ಆ ಪದದ ಹೆಸರಿನಲ್ಲೇ ಒಂದು ಕಾಯ್ದೆ ಬಂತು. ಅದರಡಿ ಗುರುತಿಸಿದ ಜಾಗಗಳಲ್ಲಿ ಕಾಯಂ ರಸ್ತೆ ಮಾಡುವಂತಿಲ್ಲ. ಆ ಜಾಗಗಳಲ್ಲಿ ಮರುಭೂಮಿ ಇದೆ, ಹಿಮಬೆಟ್ಟವಿದೆ, ಜೌಗು ಇದೆ. "ದಟ್ಟಾರಣ್ಯ" ಎಂದು ಅನುವಾದಿಸಿದರೆ ಪೂರ್ತಿ ತಪ್ಪು. "ಕಾಡುನೆಲ" ಎಂದರೆ ಹತ್ತಿರ ಬರುತ್ತದೆ ಎಂದು ನನ್ನ ಅನಿಸಿಕೆ. ಆದರೆ ಎಲ್ಲ ಕಡೆಯೂ ಒಂದೇ ಪದ ಹಾಕಬೇಡಿ. ಆ ವಾಕ್ಯದಲ್ಲಿ ಮರಳಿದ್ದರೆ ಮರಳುಗಾಡು ಎನ್ನಿ, ಹಿಮವಿದ್ದರೆ ಹಿಮದ ಬಯಲು ಎನ್ನಿ.

ಮರಗಳಿರುವ ಕಾಡಿಗೇ ಬಂದರೆ ಅಲ್ಲೂ ಹಲವು ಹೆಸರು. ಬಯಲುಸೀಮೆಯ ಒಣಜಾಗದಲ್ಲಿ "ಕುರುಚಲು ಕಾಡು", ಆಳೆತ್ತರದ ಮುಳ್ಳುಗಿಡಗಳು, ನಡುನಡುವೆ ಬರಿನೆಲ. ಶಿರಸಿ, ಸೊರಬದ ಕಡೆ "ಕಾನು" ಎಂದರೆ ಸದಾ ಹಸಿರಾಗಿ ತಂಪಾಗಿರುವ ಕಾಡು. ಮೆಣಸಿನ ಬಳ್ಳಿ ಹಬ್ಬುವ, ನೀರು ಹಿಡಿದಿಡುವ ಕಾಡನ್ನು ಜನ ಹಿಂದಿನಿಂದ ಹೀಗೆ ಬೇರೆಯಾಗಿ ಗುರುತಿಸಿ ಕಾಪಾಡಿಕೊಂಡು ಬಂದಿದ್ದಾರೆ. "ಮಲೆ" ಎಂದರೆ ಬೆಟ್ಟವೂ ಹೌದು, ಅದನ್ನು ಹೊದ್ದ ಕಾಡೂ ಹೌದು. ಉತ್ತರ ಕನ್ನಡದಲ್ಲಿ "ಬೆಟ್ಟಕ್ಕೆ ಹೋಗಿದ್ದಾನೆ" ಎಂದರೆ ಶಿಖರ ಹತ್ತಲು ಹೋದ ಎಂದಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ತರಗು ತರುವ ಸೊಪ್ಪಿನಬೆಟ್ಟಕ್ಕೆ ಹೋಗಿರಬಹುದು. ಒಂದು ಸೀಮೆಯ ಪದವನ್ನು ಇನ್ನೊಂದು ಸೀಮೆಯ ಜಾಗಕ್ಕೆ ಅಂಟಿಸುವ ಮುಂಚೆ ಅಲ್ಲಿಯವರನ್ನು ಒಮ್ಮೆ ಕೇಳಿ.

ಸಂಸ್ಕೃತದ ಎರಡು ಪದಗಳು ನಮ್ಮ ವಿಷಯಕ್ಕೆ ನೇರವಾಗಿ ಸೇರುತ್ತವೆ. "ದುರ್ಗಮ" ಎಂದರೆ ಹೋಗಲು ಕಷ್ಟವಾದದ್ದು. "ದುರ್ಗ"ವೂ ಅದೇ ಬೇರಿನದು. ಸುಲಭಕ್ಕೆ ಹೋಗಲಾಗದ ಜಾಗ ಎಂಬ ಅರ್ಥದಿಂದಲೇ ಅದು ಕೋಟೆಯ ಹೆಸರಾಯಿತು. "ಕಾಂತಾರ" ಎಂದರೆ ದಾಟಲು ಕಷ್ಟವಾದ ದೊಡ್ಡ ಕಾಡು. ಒಳ್ಳೆಯ ಪದಗಳೇ, ಆದರೆ ಒಂದು ಬರಹದಲ್ಲಿ ಒಂದು ಸಲ ಬಂದರೆ ಸಾಕು. ಪುಟಕ್ಕೆ ಮೂರು ಸಲ "ದುರ್ಗಮ" ಬಂದರೆ ಓದುಗರಿಗೆ ಆ ಕಷ್ಟದ ಬಿಸಿಯೇ ತಟ್ಟುವುದಿಲ್ಲ.

ಕನ್ನಡದಲ್ಲೇ ಹೊಸ ಪದ ಕಟ್ಟಿಕೊಳ್ಳುವ ದಾರಿಯೂ ಇದೆ. ಕಡು ಮತ್ತು ಕತ್ತಲು ಸೇರಿ ಕಗ್ಗತ್ತಲು ಆದಂತೆ, ಕಡು ಮತ್ತು ಕಾಡು ಸೇರಿ "ಕಗ್ಗಾಡು". ಇದೇ ಹಾದಿಯಲ್ಲಿ ಒಳಗಾಡು, ನಡುಗಾಡು, ಕಾಡಂಚು, ಮುಳ್ಳುಗಾಡು. ಇವು ಯಾರಿಗೂ ಅರ್ಥ ಹೇಳಿಕೊಡಬೇಕಾದ ಪದಗಳಲ್ಲ.

ಮೂರನೆಯ ಹೆಜ್ಜೆ: ನಿಮ್ಮನ್ನು ತಡೆದದ್ದು ಏನು?

ಇಲ್ಲಿ ಕಾಡಿನ ಬಗ್ಗೆ ಒಂದು ವಿಷಯ ತಿಳಿದಿರಬೇಕು, ಇಲ್ಲದಿದ್ದರೆ "ದಟ್ಟ" ಎಂಬ ಪದ ತಪ್ಪು ಜಾಗದಲ್ಲಿ ಬಂದು ಕೂರುತ್ತದೆ. ಹಳೆಯ ನಿತ್ಯಹಸಿರಿನ ಕಾಡಿನಲ್ಲಿ ಮೇಲೆ ಎಲೆಗಳ ಚಪ್ಪರ ಒತ್ತೊತ್ತಾಗಿರುತ್ತದೆ. ಬಿಸಿಲಿನ ನೂರು ಪಾಲಿನಲ್ಲಿ ಒಂದೆರಡು ಪಾಲು ಮಾತ್ರ ನೆಲ ಮುಟ್ಟುತ್ತದೆ. ಅಷ್ಟು ಕಡಿಮೆ ಬೆಳಕಿನಲ್ಲಿ ಕೆಳಗೆ ಪೊದೆ ಹೆಚ್ಚು ಬೆಳೆಯುವುದಿಲ್ಲ. ಹಾಗಾಗಿ ಮೇಲೆ ದಟ್ಟ, ಕೆಳಗೆ ಸಡಿಲ. ನಡೆಯಲು ಅಷ್ಟೇನೂ ಕಷ್ಟವಿಲ್ಲ, ದಿಕ್ಕು ತಪ್ಪುವುದು ಮಾತ್ರ ಸುಲಭ. ನಿಜವಾಗಿ ಕಾಲಿಡಲಾಗದಷ್ಟು ಹೆಣೆದುಕೊಂಡಿರುವುದು ಬೆಳಕು ಬೀಳುವ ಕಡೆ. ಕಾಡಂಚಿನಲ್ಲಿ, ಹೊಳೆಯ ದಂಡೆಯಲ್ಲಿ, ದೊಡ್ಡ ಮರ ಉರುಳಿ ಆಕಾಶ ತೆರೆದುಕೊಂಡ ಜಾಗದಲ್ಲಿ, ಹಿಂದೆ ಕಡಿದು ಬಿಟ್ಟ ಕಾಡಿನಲ್ಲಿ.

ಇದನ್ನು ತಿಳಿದ ಮೇಲೆ "ದಟ್ಟವಾದ ಕಾಡು" ಎಂದು ಬರೆಯುವ ಮುಂಚೆ ಕೇಳಿಕೊಳ್ಳಿ: ದಟ್ಟವಾಗಿದ್ದದ್ದು ತಲೆಯ ಮೇಲೋ, ಎದೆಯ ಎದುರಿಗೋ, ಕಾಲ ಬಳಿಯೋ? ತಲೆಯ ಮೇಲಾದರೆ ಚಪ್ಪರ, ನೆರಳು, ಮಬ್ಬು. ಎದೆಯೆದುರಿಗಾದರೆ ಪೊದೆ, ಮೆಳೆ, ಬಳ್ಳಿ. ಪೊದೆ ಒಂದೊಂದಾಗಿ ನಿಂತಿರುತ್ತದೆ, ಅದನ್ನು ಸುತ್ತಿ ಹೋಗಬಹುದು. ಮೆಳೆ ಹಾಗಲ್ಲ. ಅದು ಗಿಡ, ಬಿದಿರು, ಮುಳ್ಳು ಎಲ್ಲ ಸೇರಿ ಒಂದಕ್ಕೊಂದು ಹೆಣೆದುಕೊಂಡದ್ದು. ಕೆಲವು ಕಡೆ "ಜಿಗ್ಗು" ಎಂದೂ ಹೇಳುತ್ತಾರೆ. ಆ ಪದದ ಸದ್ದಿನಲ್ಲೇ ಬಟ್ಟೆ ಸಿಕ್ಕಿಕೊಂಡಂತೆ ಕೇಳುತ್ತದೆ. ಕಾಲ ಬಳಿಯಾದರೆ ಬೇರು, ಬಿದ್ದ ಮರ, ಪಾಚಿ ಹಿಡಿದ ಕಲ್ಲು, ಮೊಣಕಾಲುದ್ದ ತರಗೆಲೆ.

ಎಷ್ಟು ಎತ್ತರ, ಎಷ್ಟು ಆಳ ಎನ್ನುವುದಕ್ಕೆ ಮೀಟರ್ ಲೆಕ್ಕಕ್ಕಿಂತ ಮೈಯ ಅಳತೆ ಚೆನ್ನಾಗಿ ಒಪ್ಪುತ್ತದೆ. ಮೊಣಕಾಲುದ್ದ, ಸೊಂಟಮಟ್ಟ, ಎದೆಮಟ್ಟ, ಆಳೆತ್ತರ, ಎರಡಾಳು ಆಳ. "1.3 ಮೀಟರ್ ಹುಲ್ಲು" ಎಂದಾಗ ಓದುಗರು ನಿಂತು ಲೆಕ್ಕ ಹಾಕಬೇಕಾಗುತ್ತದೆ. "ಎದೆಮಟ್ಟದ ಹುಲ್ಲು" ಎಂದಾಗ ಅವರೇ ಅದರೊಳಗೆ ನಿಂತಿರುತ್ತಾರೆ.

ಮರವಿಲ್ಲದ ಜಾಗಗಳಲ್ಲೂ ಇದೇ ಪ್ರಶ್ನೆ ಕೇಳಿ. ಮರಳುಗಾಡಿನಲ್ಲಿ ತಡೆಯುವುದು ಮರಳ ದಿಣ್ಣೆ. ಗಾಳಿ ಬೀಸಿ ಬರುವ ಕಡೆ ಅದು ಮೆಲ್ಲಗೆ ಏರುತ್ತದೆ, ಮರೆಯ ಕಡೆ ಸುಮಾರು 34 ಡಿಗ್ರಿ ಓರೆಯಲ್ಲಿ ಇಳಿಯುತ್ತದೆ. ಒಣಮರಳು ಅದಕ್ಕಿಂತ ಕಡಿದಾಗಿ ನಿಲ್ಲಲಾರದು, ಜಾರಿಬಿಡುತ್ತದೆ. ಆದ್ದರಿಂದ ಒಂದು ಬದಿಗೆ "ಏರಿದೆವು", ಇನ್ನೊಂದು ಬದಿಗೆ "ಜಾರಿದೆವು" ಎಂದು ಎರಡು ಬೇರೆ ಕ್ರಿಯಾಪದ ಬೇಕು. ಒದ್ದೆ ನೆಲದಲ್ಲಿ ಕೆಸರು, ಜೌಗು, ಹುದುಲು ಎಂಬ ಮೂರು ಮೆಟ್ಟಿಲು. ಕೆಸರು ಕಾಲಿಗೆ ಅಂಟುತ್ತದೆ. ಜೌಗಿನಲ್ಲಿ ನೆಲ ಒಳಗಿನಿಂದಲೇ ನೀರು ಜಿನುಗಿಸುತ್ತದೆ. ಹುದುಲು ಕಾಲನ್ನೇ ಒಳಗೆ ಎಳೆದುಕೊಳ್ಳುತ್ತದೆ.

ನಾಲ್ಕನೆಯ ಹೆಜ್ಜೆ: ನೆಲದ ಏರಿಳಿತಕ್ಕೆ ಒಂದೊಂದು ಪದ

ಬಯಲಿನಲ್ಲಿ ಸ್ವಲ್ಪವೇ ಎದ್ದ ನೆಲ ದಿಣ್ಣೆ ಅಥವಾ ದಿಬ್ಬ. ಕಲ್ಲುಮಿಶ್ರಿತವಾಗಿ ಉದ್ದಕ್ಕೆ ಎದ್ದದ್ದು ಬೋರೆ. ಕಲ್ಲಿನ ಚಿಕ್ಕ ಗುಡ್ಡ ಮರಡಿ. ಆಮೇಲೆ ಗುಡ್ಡ, ಬೆಟ್ಟ. ಬೆಟ್ಟಕ್ಕೆ ಮೈಯ ಹೆಸರುಗಳನ್ನೇ ಕೊಟ್ಟಿದ್ದೇವೆ. ನೆತ್ತಿ, ಬೆನ್ನು, ಮಗ್ಗುಲು, ಕಾಲಬುಡ. ಮೇಲಿನ ಉದ್ದನೆಯ ಅಂಚಿಗೆ "ಬೆಟ್ಟದ ಬೆನ್ನು" ಎಂದರೆ ಯಾರಿಗಾದರೂ ಗೊತ್ತಾಗುತ್ತದೆ. ಕೆಳಗಿನದು ತಪ್ಪಲು.

ತಗ್ಗಿಗೂ ಹಾಗೆಯೇ. ಮಳೆನೀರು ಕೊರೆದ ಚಿಕ್ಕ ಸೀಳು ಕೊರಕಲು, ಒಂದು ನೆಗೆತಕ್ಕೆ ದಾಟಬಹುದು. ಎರಡು ಬೆಟ್ಟಗಳ ನಡುವಿನ ಜಾಗ ಕಣಿವೆ. ಉತ್ತರ ಕರ್ನಾಟಕದಲ್ಲಿ ಕಲ್ಲುಗೋಡೆಗಳ ನಡುವಿನ ಆಳಕ್ಕೆ ಕೊಳ್ಳ. ಕಡಿದಾಗಿ, ಕತ್ತಲಾಗಿ, ಇಳಿದರೆ ಮೇಲೆ ಬರುವುದೇ ಕಷ್ಟ ಎಂಬಂಥದ್ದು ಕಮರಿ. ಅಂಚಿನಿಂದ ನೇರ ಕೆಳಗೆ ಬಿದ್ದರೆ ಪ್ರಪಾತ.

ಈ ಪದಗಳನ್ನು ಹಗುರವಾಗಿ ಬದಲಾಯಿಸಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ನಿಮ್ಮ ಬರಹ ಓದಿ ಯಾರೋ ಅಲ್ಲಿಗೆ ಹೊರಡಬಹುದು. ಕಮರಿಯನ್ನು ಸುಮ್ನೆ "ಇಳಿಜಾರು" ಎಂದು ಬರೆದರೆ ಅವರು ಹಗ್ಗವಿಲ್ಲದೆ, ಸಂಜೆ ಹೊತ್ತಿನಲ್ಲಿ ಅದರ ಬಾಯಿಗೆ ಬಂದು ನಿಲ್ಲುತ್ತಾರೆ. "ದಾರಿ ಮಾಸಿದೆ" ಎಂದು ಬರೆಯಬೇಕಾದಲ್ಲಿ "ದಾರಿ ಇದೆ" ಎಂದರೂ ಅಷ್ಟೇ ಅಪಾಯ.

ನೀರಿಗೆ ಬಂದರೆ ಹಳ್ಳ, ತೊರೆ, ಝರಿ, ಹೊಳೆ ನಿಮಗೆ ಗೊತ್ತೇ ಇವೆ. ಹೊಳೆಯಲ್ಲಿ ಆಳವಾಗಿ ನಿಂತ ಜಾಗ "ಮಡು". ಕಾಲಿಂದ ನಡೆದು ದಾಟುವುದಕ್ಕೆ "ಹಾಯುವುದು" ಎಂಬ ಒಳ್ಳೆಯ ಪದವಿದೆ. ಸೇತುವೆ, ದೋಣಿ, ಈಜು ಯಾವುದೂ ಇಲ್ಲ ಎನ್ನುವುದು ಆ ಒಂದೇ ಪದದಲ್ಲಿ ಬಂದುಬಿಡುತ್ತದೆ. ಎಡದಂಡೆ, ಬಲದಂಡೆ ಎಂದು ಬರೆಯುವಾಗ ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತ ಲೆಕ್ಕವೇ ಎಲ್ಲೆಡೆ ರೂಢಿ. ನೀವು ಹೊಳೆಯ ವಿರುದ್ಧ ನಡೆಯುತ್ತಿದ್ದರೂ ಅದು ಬದಲಾಗುವುದಿಲ್ಲ.

ದೂರಕ್ಕೆ ದಾರಿಯಿಲ್ಲದ ಕಡೆ ಕಿಲೋಮೀಟರ್ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ಮೆಳೆಯೊಳಗೆ ಅರ್ಧ ಕಿಲೋಮೀಟರ್ ಎಂದರೆ ಅರ್ಧ ದಿನವೂ ಆಗಬಹುದು. ಹೊತ್ತಿನ ಲೆಕ್ಕ ಕೊಡಿ, ಇಲ್ಲವೇ "ಕೂಗಳತೆ" ಎನ್ನಿ. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳುವಷ್ಟು ದೂರ. ಕಣ್ಣಿಗೆ ಏನೂ ಕಾಣದ ಕಾಡಿನಲ್ಲಿ ಜೊತೆಗಾರರು ನಿಜವಾಗಿ ಇಟ್ಟುಕೊಳ್ಳುವ ಅಳತೆಯೂ ಅದೇ.

ಐದನೆಯ ಹೆಜ್ಜೆ: "ನಡೆದೆವು" ಎಂಬುದನ್ನು ಅಳಿಸಿ

ದಾರಿ ಇದ್ದರೆ ಮಾತ್ರ ನಾವು ನಡೆಯುತ್ತೇವೆ. ದಾರಿ ಇಲ್ಲದ ಕಡೆ ಮೈ ಬೇರೆ ಬೇರೆ ಕೆಲಸ ಮಾಡುತ್ತದೆ. ನುಸುಳುತ್ತದೆ, ತೂರುತ್ತದೆ, ಬಗ್ಗುತ್ತದೆ, ತೆವಳುತ್ತದೆ, ಎಡವುತ್ತದೆ, ಜಾರುತ್ತದೆ, ಹಾರುತ್ತದೆ, ತಡಕಾಡುತ್ತದೆ. ಕತ್ತಿಯಿಂದ ಗಿಡ ಸವರಿಕೊಂಡು ಹೋಗುವುದು ಬೇರೆ, ಕೈಯಿಂದ ಸರಿಸಿಕೊಂಡು ಹೋಗುವುದು ಬೇರೆ. ಬೇರನ್ನು ಹಿಡಿದು ಹತ್ತುವುದು ಬೇರೆ, ಅಂಬೆಗಾಲಿಕ್ಕುವುದು ಬೇರೆ.

ನಿಮ್ಮ ಬರಹದಲ್ಲಿ "ನಡೆದೆವು", "ಹೋದೆವು", "ಸಾಗಿದೆವು" ಇರುವ ಕಡೆಯೆಲ್ಲ ಪೆನ್ಸಿಲಿನಿಂದ ಗುರುತು ಮಾಡಿ. ಆ ಕ್ಷಣಕ್ಕೆ ಕೈ ಎಲ್ಲಿತ್ತು, ಕಾಲು ಎಲ್ಲಿತ್ತು ಎಂದು ನೆನೆದು ಸರಿಯಾದ ಪದ ಹಾಕಿ. ಹೀಗೆ ಮಾಡಿದರೆ "ತುಂಬಾ ಕಷ್ಟಪಟ್ಟು" ಎಂಬುದು ತಾನಾಗಿ ಬೇಡವಾಗುತ್ತದೆ. ಬೆನ್ನಚೀಲ ಕಳಚಿ ಮುಂದೆ ದೂಡುತ್ತಾ ತೆವಳಿದವರಿಗೆ ಕಷ್ಟವಾಯಿತು ಎಂದು ಬೇರೆ ಹೇಳಬೇಕೇ?

ಆರನೆಯ ಹೆಜ್ಜೆ: ಕಿವಿಗೆ ಕೇಳಿದ್ದನ್ನು ಬರೆಯಿರಿ

ಸದ್ದನ್ನು ಹಿಡಿಯುವ ಜೋಡಿಪದಗಳು ಕನ್ನಡದಲ್ಲಿ ಇರುವಷ್ಟು ಸುಲಭವಾಗಿ ಎಲ್ಲ ಭಾಷೆಗಳಲ್ಲೂ ಸಿಗುವುದಿಲ್ಲ. ಒಣ ತರಗೆಲೆ ಚರಚರ. ಹುಲ್ಲಿನಲ್ಲಿ ಏನೋ ಹರಿದರೆ ಸರಸರ. ಕಡ್ಡಿ ಲಟಕ್. ಕೆಸರು ಪಚಪಚ. ಸಡಿಲ ಕಲ್ಲಿನ ಮೇಲೆ ಹೆಜ್ಜೆ ಇಟ್ಟರೆ ಕರಕರ, ಅದೇ ಕಲ್ಲು ಉರುಳಿದರೆ ದಡದಡ. ನೀರು ತೆಳುವಾಗಿ ಹರಿದರೆ ಜುಳುಜುಳು, ಎತ್ತರದಿಂದ ಬಿದ್ದರೆ ಭೋರ್ಗರೆತ. ಇವನ್ನು ಮಕ್ಕಳ ಪದಗಳು ಎಂದು ದೂರ ಇಡಬೇಡಿ. ಕಾಲಡಿಯ ನೆಲ ಒಣಗಿತ್ತೋ ಒದ್ದೆಯಾಗಿತ್ತೋ ಎಂಬುದನ್ನು ಒಂದೇ ಪದದಲ್ಲಿ ಹೇಳುವ ಶಕ್ತಿ ಇವಕ್ಕಿದೆ.

"ಭಯಾನಕ ಮೌನ" ಎಂದು ಬರೆಯುವ ಮುಂಚೆ ಸ್ವಲ್ಪ ನಿಲ್ಲಿ. ಕಾಡು ಪೂರ್ತಿ ಸದ್ದಿಲ್ಲದೆ ಇರುವುದು ಅಪರೂಪ. ಜೀರುಂಡೆಯ ಜೀಂಯ್ ಸದ್ದು ಎಷ್ಟು ಹೊತ್ತು ಕೇಳುತ್ತದೆಂದರೆ ನಾವು ಅದನ್ನು ಮರೆತೇಬಿಡುತ್ತೇವೆ. ಅದು ಒಮ್ಮೆಲೇ ನಿಂತಾಗ ಮೌನ ಬಿದ್ದ ಹಾಗೆ ಅನಿಸುತ್ತದೆ. ಹಾಗಾದರೆ ಅದನ್ನೇ ಬರೆಯಿರಿ: ಜೀರುಂಡೆ ನಿಂತಿತು.

ಏಳನೆಯ ಹೆಜ್ಜೆ: ತಪ್ಪು ದಾರಿಗೆಳೆಯುವ ಪದಗಳನ್ನು ತೆಗೆಯಿರಿ

"ಬಿಕೋ ಎನ್ನುತ್ತಿತ್ತು", "ಭಣಭಣ", "ಪಾಳು ಬಿದ್ದ", "ಹಾಳು ಸುರಿಯುವ" ಇವೆಲ್ಲ ಜನ ಇರಬೇಕಾಗಿದ್ದು ಈಗ ಇಲ್ಲದ ಜಾಗದ ಪದಗಳು. ಜಾತ್ರೆ ಮುಗಿದ ಬಯಲು ಬಿಕೋ ಎನ್ನಬಹುದು. ಬಿಟ್ಟುಹೋದ ಮನೆ ಪಾಳು ಬೀಳಬಹುದು. ಕಾಡು ಹೇಗೆ ಪಾಳು ಬೀಳುತ್ತದೆ? ಅಲ್ಲಿ ಇರಬೇಕಾದವರೆಲ್ಲ ಇದ್ದಾರೆ, ನಾವು ಮಾತ್ರ ಇಲ್ಲ.

"ಬಂಜರು", "ಬರಡು" ಇನ್ನೂ ಕೆಟ್ಟವು. ಇವು ಉಳುವವರ ಕಣ್ಣಿನ ಪದಗಳು, ಬೆಳೆ ಬರುವುದಿಲ್ಲ ಎಂಬ ತೀರ್ಪು. ಹುಲ್ಲಿನ ಬಯಲುಗಳನ್ನು ಸರ್ಕಾರಿ ದಾಖಲೆಗಳಲ್ಲಿ ಪಾಳುಭೂಮಿ ಎಂದು ಬರೆದದ್ದರಿಂದ ಅವಕ್ಕೆ ಎಷ್ಟು ನಷ್ಟವಾಗಿದೆ ಎಂದು ಆ ಬಯಲುಗಳನ್ನು ಕಂಡವರಿಗೆ ಗೊತ್ತು. ತೋಳ, ಕೃಷ್ಣಮೃಗ, ಎರೆಭೂತದಂಥ ಹಕ್ಕಿ ಬಾಳುವ ನೆಲ ಅದು. ಬೆಟ್ಟದ ಮೇಲಿನ ಹುಲ್ಲಿಗೆ "ಬೋಳುಗುಡ್ಡ" ಎಂದರೂ ಅದೇ ಅನ್ಯಾಯ. "ಹುಲ್ಲುಗಾವಲು" ಒಳ್ಳೆಯ ಪದ, ಆದರೆ ಅದರೊಳಗೆ ಕಾವಲು ಇದೆ, ದನಗಳಿಗಾಗಿ ಕಾಯ್ದ ಹುಲ್ಲು ಎಂಬ ನೆನಪಿದೆ. ದನ ಮೇಯದ ಜಾಗಕ್ಕೆ "ಹುಲ್ಲಿನ ಬಯಲು" ಎನ್ನುವುದು ಹೆಚ್ಚು ಸರಿ ಎಂದು ನನಗನಿಸುತ್ತದೆ.

ಕೊನೆಯದಾಗಿ "ಮನುಷ್ಯರೇ ಕಾಲಿಡದ". ಇದನ್ನು ಬರೆಯಲು ತುಂಬಾ ಆಸೆಯಾಗುತ್ತದೆ, ಆದರೆ ಹೆಚ್ಚಿನ ಕಡೆ ಇದು ನಿಜವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ನಾಗರಹೊಳೆಯ ಜೇನುಕುರುಬರು ತಲೆಮಾರುಗಳಿಂದ ಬದುಕಿದ ಕಾಡು ನಮಗೆ ದಾರಿಯಿಲ್ಲದ್ದು. ಅವರಿಗೆ ಅಲ್ಲಿಯ ಬಂಡೆ, ಮರ, ಹಳ್ಳಕ್ಕೆಲ್ಲ ಹೆಸರಿದೆ. "ನಮಗೆ ದಾರಿ ಕಾಣಲಿಲ್ಲ" ಎಂದು ಬರೆದರೆ ಮಾತು ನಿಜವೂ ಆಗುತ್ತದೆ, ಅವರಿಗೆ ಮರ್ಯಾದೆಯೂ ಉಳಿಯುತ್ತದೆ. ಅವರಿಟ್ಟ ಹೆಸರು ಗೊತ್ತಾದರೆ ಅದನ್ನೇ ಬಳಸಿ.

ಎಂಟನೆಯ ಹೆಜ್ಜೆ: ಒಂದು ತುಣುಕನ್ನು ತಿದ್ದಿ ನೋಡಿ

ಮೊದಲು ಬರೆದದ್ದು ಹೀಗಿತ್ತು ಎಂದುಕೊಳ್ಳಿ:

"ನಾವು ದಟ್ಟ ಅರಣ್ಯದಲ್ಲಿ ದಾರಿಯಿಲ್ಲದೆ ತುಂಬಾ ಕಷ್ಟಪಟ್ಟು ನಡೆದೆವು. ಸುತ್ತಲೂ ಭಯಾನಕ ಮೌನವಿತ್ತು. ಕೊನೆಗೆ ಒಂದು ಸುಂದರ ಜಲಪಾತ ಸಿಕ್ಕಿತು."

ತಿದ್ದಿದ ಮೇಲೆ:

"ಹಳ್ಳ ಹಾಯ್ದ ಮೇಲೆ ಕಾಲುದಾರಿ ಮುಚ್ಚಿಕೊಂಡಿತ್ತು. ಎದುರಿಗೆ ಎದೆಮಟ್ಟದ ಮೆಳೆ. ಹಂದಿಗಳ ನುಸುಳುಗಂಡಿ ಹುಡುಕಿ, ಬೆನ್ನಚೀಲ ಮುಂದೆ ದೂಡುತ್ತಾ ತೆವಳಿದೆವು. ಒಳಗಾಡು ಸೇರಿದ ಮೇಲೆ ನೆಲ ಬಿಚ್ಚಿಕೊಂಡಿತು. ಮಬ್ಬು ಬೆಳಕು, ಕಾಲಡಿ ಒದ್ದೆ ತರಗೆಲೆ, ನಮ್ಮ ಹೆಜ್ಜೆ ನಮಗೇ ಕೇಳುತ್ತಿರಲಿಲ್ಲ. ಜೀರುಂಡೆ ಒಮ್ಮೆಲೇ ನಿಂತಾಗ ಎಡಗಡೆ ಕೆಳಗಿನಿಂದ ನೀರಿನ ಭೋರ್ಗರೆತ ಕೇಳಿತು. ಕೂಗಳತೆ ದೂರ ಅಷ್ಟೇ. ಆದರೆ ನಡುವೆ ಕಮರಿ ಇತ್ತು. ಬೇರು ಹಿಡಿದು, ಕೂತು ಜಾರುತ್ತಾ ಇಳಿಯಲು ಒಂದು ಗಂಟೆ ಹಿಡಿಯಿತು."

ಎರಡನೆಯದರಲ್ಲಿ ಕಷ್ಟ, ಭಯ, ಸುಂದರ ಎಂಬ ಪದಗಳು ಒಂದೂ ಇಲ್ಲ. ಕಾಡು ಒಂದೇ ತೆರನಾಗಿಲ್ಲ. ಅಂಚಿನಲ್ಲಿ ಮೆಳೆ, ಒಳಗೆ ಸಡಿಲ, ಆಮೇಲೆ ಕಮರಿ ಎಂದು ಬದಲಾಗುತ್ತಾ ಹೋಗುತ್ತದೆ. "ಮುಚ್ಚಿಕೊಂಡಿತ್ತು" ಎಂಬ ಒಂದು ಪದದಿಂದ ಹಿಂದೆ ಇಲ್ಲಿ ಜನ ಓಡಾಡುತ್ತಿದ್ದರು ಎಂಬುದೂ ಬಂತು. ಉದ್ದ ಜಾಸ್ತಿಯಾಯಿತು, ನಿಜ. ಜಾಗ ಕಡಿಮೆ ಇದ್ದರೆ ನಡುವಿನ ಎರಡು ವಾಕ್ಯ ತೆಗೆಯಿರಿ, ಕ್ರಿಯಾಪದಗಳನ್ನು ಮಾತ್ರ ತೆಗೆಯಬೇಡಿ.

ಬರೆದು ಮುಗಿದ ಮೇಲೆ, ಆ ಜಾಗವನ್ನು ನೋಡದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಒಂದು ಹಾಳೆ ಕೊಟ್ಟು, ಕೇಳಿದ್ದನ್ನು ನಕ್ಷೆಯ ಹಾಗೆ ಗೀಚಲು ಹೇಳಿ. ಹಳ್ಳ ಎಲ್ಲಿ, ಮೆಳೆ ಎಲ್ಲಿ, ಇಳಿದದ್ದು ಯಾವ ಕಡೆ. ಅವರ ಪೆನ್ಸಿಲು ಯಾವ ವಾಕ್ಯದ ಹತ್ತಿರ ನಿಲ್ಲುತ್ತದೋ ಆ ವಾಕ್ಯದಿಂದ ಮತ್ತೆ ತಿದ್ದಲು ಶುರು ಮಾಡಿ.